ಕರಿಬೇವಿನ ಗಿಡಕ್ಕೆ ಔಷಧಿ ಬಿದ್ದಿರಲಿಲ್ಲ

ಜಯಕ್ಕ, ನಿಮ್ಮ ದ್ರಾಕ್ಷಿ ತೋಟದ ಔಷಧಿ ನಮ್ಮ ಕರಿಬೇವಿನ ಗಿಡದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಆರು ವರ್ಷದ ಹಿಂದೆ ನಾನು ಹೇಳಿದ್ದು ಶುದ್ಧ ಸುಳ್ಳು. ಬೀದಿಯವರೆಲ್ಲ ನಂಬಿದರು, ನೀವೂ ನಂಬಿದಿರಿ — ಅದೇ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ನಡೆದದ್ದಿಷ್ಟು. ಹಿತ್ತಲ ಕಿಟಕಿಯ ಪಕ್ಕ ಕೂತು ಬ್ಲೌಸ್ ಹೊಲಿಯುತ್ತಿದ್ದಾಗ ಗಿಡದೊಳಗೆ ಒಂದು ಪಿಕಳಾರ ನುಗ್ಗಿದ್ದು ಕಂಡೆ. ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು, ಕೊಕ್ಕಿನಲ್ಲಿ — ನನ್ನದೇ ಹಸಿರು ದಾರದ ತುಂಡು! ಕಸದ ಜೊತೆ ಎಸೆದಿದ್ದ ದಾರವನ್ನೆಲ್ಲ ಹೆಕ್ಕಿ ಅದು ಗೂಡಿಗೆ ಸುತ್ತುತ್ತಿತ್ತು. ನನಗೋ ಹಿಗ್ಗೋ ಹಿಗ್ಗು. ಊರಿಗೆಲ್ಲ ಹೊಲಿದುಕೊಟ್ಟ ದಾರದಲ್ಲಿ ಹಕ್ಕಿಗೂ ಒಂದು ಮನೆಯಾಯಿತಲ್ಲ ಎಂದು.

ಆದರೆ ಆ ಗಿಡ ನಮ್ಮದೆಂಬುದು ಹೆಸರಿಗೆ ಮಾತ್ರ. ಬೆಳಗಾದರೆ ಒಗ್ಗರಣೆಗೆಂದು ಬೀದಿಯವರ ಕೈಯೆಲ್ಲ ಅದರೊಳಗೆ. ಹಕ್ಕಿ ಗೂಡು ಕಟ್ಟಿದೆ, ಕೀಳಬೇಡಿ ಅಂದರೆ ನಗುತ್ತಾರೆ, ಮಕ್ಕಳು ಬಂದು ಮುತ್ತಿಕೊಳ್ಳುತ್ತಾರೆ — ಹಾಗಂದುಕೊಂಡೆ. ಎದುರುಮನೆಯ ಸರೋಜ ಕೈ ಚಾಚಿದ ಕೂಡಲೇ ಬಾಯಿಗೆ ಬಂದದ್ದು ಅಂದುಬಿಟ್ಟೆ: "ಕೀಳ್ಬೇಡ ಕಣೇ, ಜಯಕ್ಕನ ತೋಟದ ಔಷಧಿ ಗಾಳಿಗೆ ಬಂದು ಬಿದ್ದೈತೆ. ಒಂದ್ ತಿಂಗ್ಳು ಮುಟ್ಟಂಗಿಲ್ಲ."

ಸಂಜೆಯೊಳಗೆ ಮಾತು ನಿಮ್ಮ ಮನೆ ಸೇರಿತು. ನಿಮ್ಮ ಯಜಮಾನರು, ನಂಜಪ್ಪಣ್ಣ, ಕಾಂಪೌಂಡಿನ ಆಚೆ ತಲೆ ತಗ್ಗಿಸಿ ನಿಂತರು. "ತಪ್ಪಾಯ್ತು ಕಣಮ್ಮ. ಇನ್ಮೇಲೆ ಈ ಗೋಡೆ ಪಕ್ಕದ ಸಾಲಿಗೆ ಔಷಧಿ ಹೊಡಿಯಲ್ಲ, ಬಿಡು" ಅಂದರು. ನಾನು ನಿಜ ಹೇಳಲೆಂದೇ ಬಾಯಿ ತೆರೆದೆ — ತೆರೆದು, "ಪರವಾಗಿಲ್ಲ ಬಿಡಣ್ಣ" ಅಂದೆ. ತಪ್ಪೇ ಮಾಡದವರನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳು ನಾನು! ಆಮೇಲೆ ನೀವು ಸಂತೆಯಿಂದ ಕರಿಬೇವು ತಂದು ಕೊಟ್ಟಿರಿ. ಅದನ್ನೂ ತೆಗೆದುಕೊಂಡೆ.

ಆ ದಿನಗಳ ಸಂತೋಷವನ್ನು ಹೇಗೆ ಮುಚ್ಚಿಡಲಿ... ಮೂರು ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ, ತಾಯಿ ಬಂದ ಸದ್ದಾದರೆ ಸಾಕು, ಮೈಯೆಲ್ಲ ಬಾಯಿ. ಕೆಂಬೂತ ಗೋಡೆಯ ಮೇಲೆ ಹೊಂಚು ಹಾಕಿದಾಗ ಕೊರಳಲ್ಲಿದ್ದ ಅಳತೆಯ ಟೇಪನ್ನೇ ಬೀಸುತ್ತಾ ಓಡಿದೆ. ಮೂರನೆಯ ಮರಿ ಹಾರಲು ಅಂಜಿ, ಬಟ್ಟೆ ಒಣಹಾಕುವ ತಂತಿಯ ಮೇಲೆ ಹಗಲೆಲ್ಲ ಕೂತಿತ್ತು. ಅವತ್ತು ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ಮರಿಗಳು ಹಾರಿದ ಮೇಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಔಷಧಿ ಕಾಣದ ಆ ಸಾಲಿಗೆ ಬೂದಿ ರೋಗ ಬಂತು. ಹಣ್ಣು ಬಿರುಕುಬಿಟ್ಟವು, ವ್ಯಾಪಾರಿ ಅತ್ತ ತಿರುಗಿಯೂ ನೋಡಲಿಲ್ಲ. ಅಳಿದುಳಿದ ಹಣ್ಣಿಗೆ ಅದೇ ಪಿಕಳಾರದ ಸಂಸಾರ ಬಂದಿಳಿಯಿತು. ನಾನು ಕಿಟಕಿಯಿಂದ ನೋಡಿ ಚಪ್ಪಾಳೆ ತಟ್ಟಿದೆ, ಜಯಕ್ಕ. ನೀವು ಬೆವರು ಸುರಿಸಿ ಬೆಳೆದ ಸಾಲು ಹಾಳಾದದ್ದು ಕಣ್ಣೆದುರಿಗೇ ಇತ್ತು — ಆದರೂ ತಟ್ಟಿದೆ.

ಇವತ್ತಿಗೂ ನಂಜಪ್ಪಣ್ಣ ಔಷಧಿ ಹೊಡೆಯುವ ಮುಂಚೆ ಒಂದು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಗಿದೆ ಎಂದು ನೋಡುತ್ತಾರೆ. ನೀವು ನಮ್ಮ ಗಿಡದಿಂದ ಒಂದೆರಡು ಎಸಳು ಕೀಳುವ ಮುಂಚೆಯೂ ಕೇಳುತ್ತೀರಿ: "ನಮ್ದೇನೂ ಬಿದ್ದಿಲ್ಲ ತಾನೇ?"

ಈ ವರ್ಷ ಮತ್ತೆ ಗೂಡಾಗಿದೆ, ಮರಿಗಳೂ ಇವೆ. ಇವತ್ತು ಬೆಳಿಗ್ಗೆ ಸರೋಜ ಬಂದಾಗ ನಿಜವನ್ನೇ ಹೇಳಿದೆ. ಅವಳು ಇಣುಕಿ ನೋಡಿ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡು, "ಅಯ್ಯೋ, ಬಾಣಂತಿ ಮನೆ! ಮೊದ್ಲೇ ಹೇಳ್ಬಾರ್ದಾ" ಎಂದು ಪಿಸುಗುಟ್ಟಿ, ತುದಿಗಾಲಲ್ಲಿ ಹೋದಳು. ಅವತ್ತೂ ಇಷ್ಟೇ ಸಾಕಾಗುತ್ತಿತ್ತು.

ನಾಳೆ ಬೆಳಿಗ್ಗೆ ನಿಮ್ಮಿಬ್ಬರನ್ನೂ ನನ್ನ ಹೊಲಿಗೆಯ ಕಿಟಕಿಗೆ ಕರೆಯುತ್ತೇನೆ. ಮೊದಲು ಈ ಬರೆದಿಟ್ಟದ್ದನ್ನು ಓದಿ ಹೇಳುತ್ತೇನೆ, ಮರಿ ತೋರಿಸುವುದು ಆಮೇಲೆ. ಬೈಯುವುದಾದರೆ ಜೋರಾಗಿಯೇ ಬೈಯಿರಿ. ಮರಿಗಳು ಹೆದರುತ್ತವೆ ಎಂದು ಈ ಸಲ ನಾನು ಅಡ್ಡ ಬರುವುದಿಲ್ಲ.