ಏಲಕ್ಕಿ ಗೂಡಿನಲ್ಲಿಟ್ಟ ಗಿಟಾರು

ಹೋದ ವಾರ ಬಣಕಲ್‌ನ ಕ್ಷೌರದಂಗಡಿಯಲ್ಲಿ ಕೂತಿದ್ದಾಗ ಹಳೆಯ ವಾರಪತ್ರಿಕೆಯೊಂದರಲ್ಲಿ ಎರಡು ಕತ್ತಿನ ಗಿಟಾರಿನ ಚಿತ್ರ ಕಂಡಿತು. ಹೊಟ್ಟೆ ಒಂದೇ. ಮೇಲೊಂದು ಕತ್ತು, ಕೆಳಗೊಂದು ಕತ್ತು. ಅಂಗಡಿಯವನು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಇದನ್ನ ಇಟ್ಕೊಂಡು ಎಂತ ಮಾಡ್ತಾರೆ ಮಾರಾಯ್ರೇ? ಮನುಷ್ಯನಿಗೆ ಇರೋದು ಎರಡೇ ಕೈ ಅಲ್ವಾ?" ಎಂದ. ನನಗೆ ಉತ್ತರ ಗೊತ್ತಿತ್ತು. ಪತ್ರಿಕೆ ಮಡಚಿಟ್ಟೆ.

ತೊಂಬತ್ತರ ದಶಕದಲ್ಲಿ ನಾನು ಇಲ್ಲಿಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಗೋದಾಮಿನ ಬೀಗ ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದ ಮನೆಯಲ್ಲಿ ಗಿಟಾರ್ ಮೇಷ್ಟ್ರು ಇದ್ದರು. ಮೂಡಿಗೆರೆಗೆ ಹೋಗಿ ಪ್ಲಾಂಟರ್‌ಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಮದುವೆಗಳಲ್ಲಿ ನುಡಿಸುತ್ತಿದ್ದರು. ಮಂಗಳೂರಿನ ಬಡಗಿಯೊಬ್ಬರಿಂದ ಅವರು ಮಾಡಿಸಿಕೊಂಡು ಬಂದ ಎರಡು ಕತ್ತಿನ ಗಿಟಾರು ನಮ್ಮ ಊರಿಗೆಲ್ಲ ತಮಾಷೆಯಾಗಿತ್ತು. ಅದು ಯಾವ ಪೆಟ್ಟಿಗೆಗೂ ಹಿಡಿಸುತ್ತಿರಲಿಲ್ಲ. ಕಂಬಳಿಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸುತ್ತಿದ್ದರು.

"ಮೇಷ್ಟ್ರೇ, ತಲೆ ಎರಡು ಅದೆ. ಟಿಕೆಟ್ಟೂ ಎರಡು," ಎನ್ನುತ್ತಿದ್ದ ಕಂಡಕ್ಟರ್.

"ಹೊಟ್ಟೆ ಒಂದೇ ಅಲ್ವೇನಯ್ಯ? ಊಟ ಮಾಡೋದು ಒಂದೇ," ಎಂದು ಇವರೂ ಬಿಡುತ್ತಿರಲಿಲ್ಲ.

ನಾನೂ ಒಮ್ಮೆ ಕೇಳಿದ್ದೆ. ಅಷ್ಟು ಭಾರ, ಹೆಗಲಿಗೆ ಪಟ್ಟಿಯ ಬರೆ, ಶ್ರುತಿ ಮಾಡಲು ಹನ್ನೆರಡು ತಂತಿ. ಒಂದು ಕತ್ತು ನುಡಿಸಿದರೆ ಇನ್ನೊಂದರ ತಂತಿಗಳು ಸುಮ್ಮನೆ ಗುಂಯ್‌ಗುಡುತ್ತವೆಂದು ಅದಕ್ಕೊಂದು ಬಟ್ಟೆ ಬೇರೆ ಕಟ್ಟಬೇಕು. ಬೇಕಾದರೆ ಎರಡು ಗಿಟಾರು ಇಟ್ಟುಕೊಳ್ಳಬಾರದೇ ಎಂದೆ. ಮೇಷ್ಟ್ರು ಬಾಗಿಲ ಕಡೆ ನೋಡಿ ಎಡಗೈ ಚಾಚಿದರು. ಸ್ಕೂಟರಿನಿಂದ ಬಿದ್ದ ಮೇಲೆ ಕೊನೆಯ ಎರಡು ಬೆರಳುಗಳಲ್ಲಿ ಬಲವೇ ಇರಲಿಲ್ಲ.

"ಮೇಲಿನ ಕತ್ತಲ್ಲಿ ಎರಡು ಬೆರಳಿಗೆ ಆಗೋವಷ್ಟು ನುಡಿಸ್ತೇನೆ. ಕೆಳಗಿನದರ ಶ್ರುತಿಯೇ ಬೇರೆ, ಒಂದು ಬೆರಳು ಅಡ್ಡ ಇಟ್ಟರೆ ಸಾಕು, ಪೂರ್ತಿ ಸ್ವರ ಬರ್ತದೆ. ಹಾಡಿನ ನಡುವೆ ಒಂದನ್ನ ಕೆಳಗಿಟ್ಟು ಇನ್ನೊಂದು ಎತ್ಕೊಂಡ್ರೆ ಹಾಡು ಕಾಯ್ತದಾ ರೈಟ್ರೇ?" ಎಂದರು. ಕೈಯನ್ನು ಮಡಿಲಿಗೆ ಎಳೆದುಕೊಂಡು, "ಯಾರಿಗೂ ಹೇಳ್ಬೇಡಿ. ಬೆರಳು ಹೋದ ಮೇಷ್ಟ್ರ ಹತ್ರ ಮಕ್ಕಳನ್ನ ಯಾರು ಕಳಿಸ್ತಾರೆ?" ಎಂದರು.

ಆ ಗುಟ್ಟನ್ನು ನಾನು ಕಾಪಾಡಿದೆ. ಗಿಟಾರನ್ನು ಕಾಪಾಡಲಿಲ್ಲ.

ಒಂದು ಶ್ರಾವಣದಲ್ಲಿ ಅವರು ಕೈಯ ಚಿಕಿತ್ಸೆಗೆಂದು ತಿಂಗಳ ಮಟ್ಟಿಗೆ ಮಂಗಳೂರಿಗೆ ಹೋದರು. "ಮನೆ ಗೋಡೆಯೆಲ್ಲ ತೇವ. ನಿಮ್ಮಲ್ಲಿ ಬೆಚ್ಚಗಿರೋ ಕಡೆ ಇಟ್ಟಿರಿ," ಎಂದು ಗಿಟಾರನ್ನು ನನ್ನ ಕೈಗೆ ಕೊಟ್ಟರು. ಎಸ್ಟೇಟಿನ ಮನುಷ್ಯನಿಗೆ ತೇವಕ್ಕೆ ಗೊತ್ತಿರುವ ಮದ್ದು ಒಂದೇ, ಬಿಸಿ. ಹಸಿ ಏಲಕ್ಕಿ ಒಣಗಿಸುವ ಗೂಡಿನ ಬೀಗದ ಕೈ ನನ್ನಲ್ಲೇ ಇತ್ತು. ಹೊರಗೆ ಒಲೆ, ಒಳಗೆಲ್ಲ ಬಿಸಿ ಕೊಳವೆ. ಮೇಲಿನ ಅಟ್ಟಣೆಯಲ್ಲಿ, ಏಲಕ್ಕಿ ತಟ್ಟೆಗಳ ಪಕ್ಕ ಅದನ್ನು ಮಲಗಿಸಿದೆ. ಒಳ್ಳೆಯದನ್ನೇ ಮಾಡಿದೆನೆಂದು ಬೀಗಿದೆ ಕೂಡ.

ಮೂರು ವಾರದ ಮೇಲೆ ನೋಡಿದರೆ ಅಂಟು ಬಿಟ್ಟಿತ್ತು. ಕೆಳಗಿನ ಕತ್ತು ಬುಡದಲ್ಲಿ ಬಾಯಿ ತೆರೆದಿತ್ತು, ಹೊಟ್ಟೆಯ ಹಲಗೆ ಸೊಟ್ಟಗಾಗಿತ್ತು. ಅಲ್ಲಿಯವರೆಗಿನದು ತಿಳಿಗೇಡಿತನ. ಅದರ ಮುಂದಿನದು ಪಾಪ. ಗಿಟಾರನ್ನು ತಂದು ನನ್ನ ಕೋಣೆಯ ಒದ್ದೆ ಗೋಡೆಗೆ ಒರಗಿಸಿಟ್ಟೆ. ಮೇಷ್ಟ್ರು ಬಂದಾಗ, "ಎಷ್ಟು ಜೋಪಾನ ಮಾಡಿದ್ರೂ ತೇವ ಹಿಡೀತು," ಎಂದೆ.

ಅವರು ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡರು. "ಮಂಗಳೂರಿಗೆ ಕಳಿಸಿದ್ರೆ ಸರಿ ಮಾಡಿಯಾರು ಅಲ್ವಾ?"

ಮಾಡುತ್ತಿದ್ದರು. ಆದರೆ ಅದನ್ನು ಮಾಡಿಕೊಟ್ಟ ಬಡಗಿ ನೋಡಿದರೆ ಇದು ತೇವವಲ್ಲ, ಬಿಸಿ ಎಂದು ಹೇಳಿಬಿಡುತ್ತಿದ್ದ. "ಎಂತಕ್ಕೆ ಮೇಷ್ಟ್ರೇ? ಮುಂದಿನ ಮಳೆಗೆ ಮತ್ತೆ ಹೀಗೇ ಆಗ್ತದೆ. ಇದು ನಮ್ಮ ಊರಿಗೆ ಆಗೋ ವಸ್ತುವೇ ಅಲ್ಲ," ಎಂದೆ. ಊರೆಲ್ಲ ನಗುತ್ತ ಆಡಿದ್ದ ಮಾತನ್ನು ನಾನು ನನ್ನ ರಕ್ಷಣೆಗೆ ಆಡಿದೆ.

ಮೇಷ್ಟ್ರು ಬಗ್ಗಿ, ಗಿಟಾರಿನ ಹೊಟ್ಟೆಯ ತೂತಿನ ಹತ್ತಿರ ಮೂಗು ತಂದರು. ಹಾಗೇ ಇದ್ದರು. ಆಮೇಲೆ ನನ್ನ ಮುಖ ನೋಡಿದರು. ಕೋಣೆಯಿಡೀ ಏಲಕ್ಕಿ ಘಮ…

"ಎಲ್ಲಿಟ್ಟಿದ್ರಿ ರೈಟ್ರೇ?"

"ಇಲ್ಲೇ."

"ಹೌದಾ," ಎಂದರು. ಅಷ್ಟೇ.

ಅವರು ಅದನ್ನು ಮತ್ತೆ ನುಡಿಸಲಿಲ್ಲ. ಒಂದು ಕತ್ತಿನ ಗಿಟಾರು ಹಿಡಿದು ಎರಡು ಸಲ ಮದುವೆಗೆ ಹೋಗಿ ಅರ್ಧಕ್ಕೇ ನಿಲ್ಲಿಸಿ ಬಂದರಂತೆ. ಪಾಠಕ್ಕೆ ಬರುವವರು ಒಬ್ಬೊಬ್ಬರಾಗಿ ಬಿಟ್ಟರು. ಕೊನೆಗೆ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ಟೋಕನ್ ಕೊಡುವ ಮೇಜಿನ ಹಿಂದೆ ಕೂತರು. ಬಸ್ಸಿನಿಂದ ಇಳಿದಾಗಲೆಲ್ಲ ಕಾಣುತ್ತಿದ್ದರು, ನಗುತ್ತಿದ್ದರು. ನಾನು ಬೇರೆ ಹೋಟೆಲಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ ಅವರು ಆಸ್ಪತ್ರೆ ಸೇರಿದರು. ಹೇಳಿಬಿಡಬೇಕೆಂದೇ ಹೋದೆ. ಹೊದಿಕೆಯ ಮೇಲೆ ಅವರ ಎಡಗೈಯ ತೋರುಬೆರಳು ಅಡ್ಡಡ್ಡ ಸರಿಯುತ್ತಿತ್ತು. "ಮೇಷ್ಟ್ರೇ, ಆ ಗಿಟಾರು…" ಎಂದೆ.

"ಹೇಳ್ಬೇಡಿ ರೈಟ್ರೇ," ಎಂದರು. "ಹೇಳಿದ್ರೆ ನಾನು ಪರವಾಗಿಲ್ಲ ಅನ್ಬೇಕಾಗ್ತದೆ."

ನಾನು ಹೊದಿಕೆ ಸರಿಮಾಡಿ ಎದ್ದು ಬಂದೆ. ಮೂರನೆಯ ದಿನ ಮೇಷ್ಟ್ರು ತೀರಿಹೋದರು. ಅವರ ಮನೆಯವರೂ ತೀರಿಕೊಂಡು ವರ್ಷಗಳಾದವು. ಈಗ ಎಲ್ಲ ಹೇಳಿದ್ದೇನೆ. ಪರವಾಗಿಲ್ಲ ಎನ್ನುವ ಕಷ್ಟ ಇನ್ನು ಯಾರಿಗೂ ಇಲ್ಲ.