ಮುರಿದ ನೊಗದ ಮೇಲಿನ ಮರಬಾಳೆ

ಮೊನ್ನೆ ಮತ್ತಿಗಿರಿಯ ಮಗಳ ಮನೆಗೆ ಹೋಗಿದ್ದೆ. ಬಾಗಿಲ ಪಕ್ಕದಲ್ಲಿ ಒಂದು ಗಿಡ ತೂಗುಹಾಕಿದ್ದಳು. ಆಗಷ್ಟೇ ನೀರು ಚಿಮುಕಿಸಿದ್ದಳೋ ಏನೋ, ನೆನೆದ ತೆಂಗಿನ ನಾರಿನ ವಾಸನೆ ಮೂಗಿಗೆ ಬಡಿಯಿತು. "ಆರ್ಕಿಡ್ ಅಮ್ಮ, ತುಂಬಾ ನಾಜೂಕು" ಎಂದಳು. ನಾಜೂಕಂತೆ! ನಾನು ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತೆ. ಅದು ನನ್ನ ಸೋದರತ್ತೆಯ ಕೈಯ ವಾಸನೆ...

ಅತ್ತೆ ಉದ್ದನಪಲ್ಲಿಯ ನಮ್ಮ ಮನೆಗೆ ವಾಪಸು ಬಂದಾಗ ನಾನು ಚಿಕ್ಕವಳು. ಅವಳನ್ನು ದೆಂಕಣಿಕೋಟೆ ಕಡೆ ಕೊಟ್ಟಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ಅವಳ ಗಂಡ, ನನ್ನ ಮಾವ, ತೀರಿಕೊಂಡರು. ಎತ್ತಿನ ಗಾಡಿಯಿಂದ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಿಡದ ಕಂತೆ. ಕಾಡಿನಲ್ಲಿ ಮರದ ಮೇಲೆ ಬೆಳೆಯುವ ಮರಬಾಳೆ, ಮಗಳು ಆರ್ಕಿಡ್ ಎಂದಳಲ್ಲ, ಅದರದೇ ಜಾತಿ. ಮಾವ ಅದನ್ನು ತಂದು ಅಲ್ಲಿಯ ಹಿತ್ತಲಲ್ಲಿ ಬೆಳೆಸಿದ್ದರಂತೆ. ಆ ಮನೆಯಿಂದ ಅವಳು ಬೇರೇನನ್ನೂ ಕೇಳಿರಲಿಲ್ಲ.

ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಅದನ್ನು ತೆಂಗಿನ ನಾರಿನಿಂದ ಕಟ್ಟಿದಳು. ಮಣ್ಣು ಬೇಡ, ಗೊಬ್ಬರ ಬೇಡ, ಬೆಳಗ್ಗೆ ಬೇರಿನ ಮೇಲೆ ಒಂದಿಷ್ಟು ನೀರು. ಬೂದಿ ಬಣ್ಣದ ಬೇರು ನೀರು ಬಿದ್ದೊಡನೆ ಹಸಿರಾಗುತ್ತಿತ್ತು. ಅದನ್ನು ನೋಡಲು ನಾನು ಮುಖವನ್ನೂ ತೊಳೆಯದೆ ಓಡುತ್ತಿದ್ದೆ. ಬೇಸಿಗೆಯ ಕೊನೆಗೆ ಕಂದು ಗೀಟಿನ ಹೂ ಬಿಡುತ್ತಿತ್ತು, ನಡುವೆ ನೇರಳೆ ನಾಲಿಗೆ. ಮಲ್ಲಿಗೆ ಬಳ್ಳಿಗೆ ಅತ್ತೆ ಕೈ ಹಾಕಿದರೆ ಮನೆಯಲ್ಲಿ ಗೊಣಗುತ್ತಿದ್ದರು, ಗಂಡ ಸತ್ತವಳು ಮುಟ್ಟಿದ ಹೂ ದೇವರಿಗೆ ಆಗದೆಂದು. ಮರಬಾಳೆಯನ್ನು ನಮ್ಮಲ್ಲಿ ಯಾರೂ ದೇವರಿಗೆ ಏರಿಸುತ್ತಿರಲಿಲ್ಲ, ಮುಡಿಯುತ್ತಲೂ ಇರಲಿಲ್ಲ. ಹಾಗಾಗಿ ಅದೊಂದು ಅವಳ ಪಾಲಿಗೆ ಉಳಿಯಿತು.

ಎರಡನೇ ಮಹಾಯುದ್ಧದ ಕಾಲ. ರಾಗಿಗೆ ತತ್ವಾರ, ಸೀಮೆಎಣ್ಣೆಗೆ ಸಾಲು. ಆ ವರ್ಷ ಮಾವೂ ಕಾಯಿ ಹಿಡಿಯಲಿಲ್ಲ. ಅಪ್ಪ ಕೆಟ್ಟವನಲ್ಲ, ಆದರೆ ಮನೆಯಲ್ಲಿ ಕಾಳು ಕಡಿಮೆಯಾದರೆ ಅವನ ಬಾಯಿ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಮರಬಾಳೆಯೂ ಮರದ ರಸ ಹೀರಿ ಬದುಕುವ ಬಂದಳಿಕೆಯೇ ಎಂದು ನಂಬಿದ್ದ. ಒಂದು ದಿನ ಬೆಳಗ್ಗೆ ಮಚ್ಚು ಹಿಡಿದು ಹಿತ್ತಲಿಗೆ ಬಂದ.

"ಮರಕ್ಕೊಂದು ಬಂದಳಿಕೆ, ಮನೆಗೊಂದು ಬಂದಳಿಕೆ. ಇನ್ನೆಲ್ಲಿಂದ ಉಳೀತೈತೆ ನಮಗೆ?" ಎಂದ.

ಅಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಅತ್ತೆಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಮಚ್ಚು ಬ್ಯಾಡ ಕಣಣ್ಣ. ನಾನೇ ಬಿಡಿಸ್ತೀನಿ" ಎಂದಳು ಅತ್ತೆ.

ನೀರು ಹನಿಸುತ್ತಾ, ಒಂದೊಂದೇ ಬೇರನ್ನು ಉಗುರಿನಿಂದ ಎಬ್ಬಿಸಿದಳು. ಮಧ್ಯಾಹ್ನವಾದರೂ ಊಟಕ್ಕೆ ಏಳಲಿಲ್ಲ. ಎಲ್ಲವನ್ನೂ ಬಿಡಿಸಿದ ಮೇಲೆ ಅಪ್ಪನನ್ನು ಕರೆದಳು.

"ಇಲ್ಲಿ ಕೈ ಆಡ್ಸಿ ನೋಡಣ್ಣ. ಬಂದಳಿಕೆ ಆಗಿದ್ರೆ ಬೇರು ಮರದೊಳಕ್ಕೆ ಇಳೀಬೇಕಿತ್ತು. ಎಲ್ಲಾದ್ರೂ ತೂತೈತಾ? ಹಿಡ್ಕೊಂಡಿತ್ತು, ಅಷ್ಟೆ. ಮರದ್ದೇನೂ ತಿಂದಿಲ್ಲ."

ಅಪ್ಪ ಕೈಯಾಡಿಸಿದ. ತೊಗಟೆ ಎಲ್ಲೂ ಒಡೆದಿರಲಿಲ್ಲ. ಮಚ್ಚು ಎತ್ತಿಕೊಂಡು ಹೊರಟುಹೋದ.

ಮತ್ತೆ ಅದೇ ಮರಕ್ಕೆ ಕಟ್ಟುತ್ತಾಳೆಂದುಕೊಂಡೆ. ಅವಳು ಕೊಟ್ಟಿಗೆಯ ಹಿಂದೆ ಬಿದ್ದಿದ್ದ ಮುರಿದ ನೊಗವನ್ನು ತಂದು ಗೋಡೆಗೆ ಒರಗಿಸಿ, ಅದಕ್ಕೆ ಕಟ್ಟತೊಡಗಿದಳು. ಯಾಕತ್ತೆ, ಅಂದೆ.

"ಇದು ಸತ್ತ ಮರ ಕಣೆ. ಇದರದ್ದು ತಿಂತೈತೆ ಅಂತ ಯಾರೂ ಅನ್ನಂಗಿಲ್ಲ."

ಮಾರನೆಯ ದಿನದಿಂದ ಅತ್ತೆ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗತೊಡಗಿದಳು. ಕೂಲಿಗೆ ಕೊಟ್ಟ ರಾಗಿಯನ್ನು ಸಂಜೆ ಅಮ್ಮನ ಮುಂದೆ ಸುರಿದು, ಆಮೇಲಷ್ಟೇ ಊಟಕ್ಕೆ ಕೂರುತ್ತಿದ್ದಳು. "ಹಿಂಗ್ಯಾಕ್ ಮಾಡ್ತೀಯೆ ತಾಯಿ" ಎಂದು ಅಮ್ಮ ಅತ್ತದ್ದೂ ಉಂಟು. ಅಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ನೊಗದ ಮೇಲೆ ಹೂ ಬಿಟ್ಟಿತು. ಮರಬಾಳೆಯನ್ನು ಬಿಡಿಸಿದ ಮೇಲೂ ಮಾವು ಕಾಯಿ ಹಿಡಿದಿರಲಿಲ್ಲ. ಅಪ್ಪ ಒಮ್ಮೆ ಆ ಹೂವಿನ ಮುಂದೆ ನಿಂತಿದ್ದನ್ನು ಕಂಡೆ. ಏನೋ ಹೇಳುವವನಂತೆ ಗಂಟಲು ಸರಿಮಾಡಿಕೊಂಡ. ಅತ್ತೆ ಕೊಟ್ಟಿಗೆಯಲ್ಲೇ ಇದ್ದಳು, ಕರೆದರೆ ಕೇಳಿಸುವಷ್ಟು ಹತ್ತಿರ... ಕರೆಯಲಿಲ್ಲ.

ಯುದ್ಧ ಮುಗಿದ ಮೇಲೆ, ಒಂದು ಮಳೆಗಾಲದಲ್ಲಿ ಅತ್ತೆ ಚಳಿಜ್ವರ ಬಂದು ತೀರಿಕೊಂಡಳು. ತಿಥಿ ಮುಗಿಸಿದ ಮಾರನೆಯ ದಿನ ಅಪ್ಪ ನೊಗದ ಮೇಲಿನ ಗಿಡಗಳನ್ನೆಲ್ಲ, ಅವಳು ಮಾಡಿದಂತೆಯೇ ನೀರು ಹನಿಸಿಕೊಂಡು ಬಿಡಿಸಿ, ಮಾವಿನ ಮರಕ್ಕೆ ಕಟ್ಟಿದ. "ಇಲ್ಲೇ ಇರ್ಲಿ. ಅವಳ ಮನೇನೇ ಇದು" ಎಂದ. ಕೇಳಿಸಿಕೊಂಡದ್ದು ನಾನು, ಅಮ್ಮ. ಕೇಳಬೇಕಾದವಳು ಇರಲಿಲ್ಲ.

ಆ ಮರ ಈಗಿಲ್ಲ, ಅಪ್ಪನೂ ಇಲ್ಲ. ಅವನ ಮೇಲೆ ನನಗೆ ಸಿಟ್ಟು ಉಳಿದಿಲ್ಲ. ಅವನೂ ಕೊನೆಯವರೆಗೆ ಕೊರಗಿದ. ಆದರೆ ಅತ್ತೆಯನ್ನು ನೆನೆದಾಗ ಈ ವಯಸ್ಸಿನಲ್ಲೂ ಹೊಟ್ಟೆ ಉರಿಯುತ್ತದೆ. ತಾನು ಹುಟ್ಟಿದ ಮನೆಯಲ್ಲೇ, ದಿನಾ ಕೂಲಿಯ ರಾಗಿ ಸುರಿದು, ಆಮೇಲೆ ಉಂಡು, ಹಾಗೆಯೇ ಸತ್ತಳು.