ಕಾಟಯ್ಯನ ವೀರಗಲ್ಲು

ಭಾನುವಾರ ಮಧ್ಯಾಹ್ನ ಅರಸೀಕೆರೆಯ ಗಂಗಾಧರಪ್ಪನವರ ಕೊಬ್ಬರಿ ಅಂಗಡಿಗೆ ಬಾಗಿಲು ಬಿದ್ದ ಮೇಲೆ ಹಿಂದಿನ ಗೋದಾಮು ಮಗಳು ಅರುಣಾಳ ರಾಜ್ಯ. ಚೀಲಗಳ ನಡುವೆ ಒಂದು ಚಾಪೆ. ಅದರ ಮೇಲೆ ಅಮ್ಮ ಮಹದೇವಮ್ಮನ ಚೌಕಾಬಾರದ ಆರು ಕವಡೆ. ಅರುಣಾಳ ಮುಂದೆ ಅಡ್ಡಲಾಗಿ ನಿಲ್ಲಿಸಿದ ಒಂದು ಮೊರ.

ಅವಳು ಮೈಸೂರಿನ ಹಾಸ್ಟೆಲಿನಲ್ಲಿ ಕಲಿತು ತಂದ ಆಟ ಅದು. ಮಣೆಯಿಲ್ಲ, ಕಾಯಿಯಿಲ್ಲ. ಅರುಣಾ ಕತೆ ಹೇಳುತ್ತಾಳೆ, ಉಳಿದವರು ಆ ಕತೆಯೊಳಗಿನ ಒಬ್ಬೊಬ್ಬರಾಗಿ ಬದುಕುತ್ತಾರೆ. ಬೀಸಿದ ಏಟು ತಾಗಿತೋ ಇಲ್ಲವೋ ಕವಡೆ ಹೇಳುತ್ತದೆ; ನಾಲ್ಕೋ ಹೆಚ್ಚೋ ಅಂಗಾತ ಬಿದ್ದರೆ ತಾಗಿತು; ಒಂದೇ ಕಾಳಗದಲ್ಲಿ ಎರಡು ಏಟು ತಾಗಿದರೆ ಸಾವು. ಆಟಗಾರರು ತಮ್ಮ ಗರವನ್ನು ಎಲ್ಲರೆದುರು ಹಾಕುತ್ತಾರೆ. ವೈರಿಗಳ ಗರ ಮಾತ್ರ ಅರುಣಾಳದು, ಮೊರದ ಮರೆಯಲ್ಲಿ.

ವೈರಿಗಳನ್ನು ಹದವರಿತು ಕಳಿಸುವುದೇ ಅವಳ ಕೆಲಸ. ವಾರವಿಡೀ ಕೊಬ್ಬರಿ ಆರಿಸುತ್ತ ಅದನ್ನೇ ಯೋಚಿಸುವಳು. ಕತೆಯ ಕಳ್ಳರು ತೀರ ಬಡಕಲಾದರೆ ಎಲೆಕ್ಟ್ರಿಕಲ್ ಅಂಗಡಿಯ ಧರ್ಮೇಶ್ ಆಕಳಿಸುತ್ತಾನೆ. ತೀರ ಬಲವಾದರೆ ಜಾವಗಲ್‌ನಿಂದ ಬಸ್ಸಿನಲ್ಲಿ ಬರುವ ಟೀಚರ್ ಸೌಂದರ್ಯ ಮಾತು ನಿಲ್ಲಿಸುತ್ತಾಳೆ. ಇಬ್ಬರಿಗೂ ಎದೆ ಡವಡವ ಅನ್ನಬೇಕು, ಇಬ್ಬರಿಗೂ ದಾರಿ ಕಾಣಬೇಕು.

ಮೂರನೆಯವನು ಚನ್ನೇಶ್, ಅವಳ ದೊಡ್ಡಪ್ಪನ ಮಗ. ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹಾಸನಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಅವನಿಗೆ ಬೇರೆ ಪಾತ್ರೆಯಲ್ಲಿ ಉಪ್ಪಿಲ್ಲದ ಸಾರು, ಚಿಕ್ಕ ಲೋಟದಲ್ಲಿ ಅಳೆದ ನೀರು. ಅವನು ಎದ್ದರೆ ಮನೆಯೇ ಎದ್ದು ನಿಲ್ಲುತ್ತಿತ್ತು. ಆಟದೊಳಗೆ ಮಾತ್ರ ಅವನು ಕಾಟಯ್ಯ, ಕೆರೆ ಏರಿ ಕಾಯುವ ಭಟ. ಯಾರ ಕೈಯನ್ನೂ ಹಿಡಿಯದೆ ನಡೆಯುವವನು.

ಒಂದು ಭಾನುವಾರ ಅವನು ಸುಣ್ಣದಂತೆ ಬಿಳಿಚಿಕೊಂಡು ಬಂದಿದ್ದ. ಮೊರದ ಹಿಂದೆ ಐದು ಕವಡೆ ಅಂಗಾತ ಬಿದ್ದವು. ಅರುಣಾ "ತಪ್ಪಿತು" ಎಂದಳು. ಅವನ ಮುಖಕ್ಕೆ ಒಂದಿಷ್ಟು ಕಳೆ ಬಂತು. ಆ ಕಳೆಯ ಆಸೆಗೆ ಅವಳು ಮತ್ತೆ ಮತ್ತೆ ಹಾಗೇ ಹೇಳಿದಳು.

"ಚನ್ನಣ್ಣನ್ನ ಕಂಡ್ರೆ ಕಳ್ಳರಿಗೂ ಭಕ್ತಿ ಕಣ್ರೀ," ಎಂದು ಧರ್ಮೇಶ್ ಛೇಡಿಸಿದ. "ಬಾಣ ಎಲ್ಲಾ ನಮ್ಮ ಪಾಲಿಗೇ."

ಅದು ನಿಜವೇ ಆಗಿತ್ತು. ಕಾಟಯ್ಯನಿಗೆ ಏನೂ ತಾಗದಿದ್ದ ಮೇಲೆ ಕಾಳಗ ಸಪ್ಪೆಯಾಗದಿರಲೆಂದು ಅರುಣಾ ಇನ್ನಿಬ್ಬರು ಕಳ್ಳರನ್ನು ಕಳಿಸುತ್ತಿದ್ದಳು. ತೂಬಿನ ಬಳಿ ನಡೆದ ಕಾಳಗದಲ್ಲಿ ಆ ಇಬ್ಬರ ಏಟಿಗೆ ಸಿಕ್ಕು ಸತ್ತವಳು ತೊರೆಯಬ್ಬೆ. ಸೌಂದರ್ಯ ಎರಡು ವರ್ಷದಿಂದ ಜೀವ ತುಂಬಿ ಆಡಿಸಿದ ನಾಟಿ ವೈದ್ಯೆ.

ಆಟದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುವುದು ಆ ಚಾಪೆಯ ಪದ್ಧತಿ. ಈ ಸೀಮೆಯ ವೀರಗಲ್ಲುಗಳಂತೆ ಮೂರು ಪಟ್ಟಿಕೆ: ಕೆಳಗೆ ಕಾದಾಟ, ನಡುವೆ ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಉಳಿದವರು ಒಂದೊಂದನ್ನು ಮಾತಿನಲ್ಲೇ ಕೆತ್ತಬೇಕು.

"ಕಲ್ಲು ಬೇಡ ಅಕ್ಕಾ. ಬಸ್ಸಿಗೆ ಹೊತ್ತಾಯ್ತು," ಎಂದು ಸೌಂದರ್ಯ ಎದ್ದು ಹೋದಳು. ಧರ್ಮೇಶ್ ಅವಳನ್ನು ಬಿಡಲು ಹೊರಟ.

ಚನ್ನೇಶ್ ಮಾತ್ರ ಕೂತಿದ್ದ. ಕೈಚಾಚಿ ಮೊರವನ್ನು ಎತ್ತಿದ. ಕಾಟಯ್ಯನ ಮೇಲೆ ಹಾಕಿದ ಕೊನೆಯ ಗರ ಹಾಗೇ ಬಿದ್ದಿತ್ತು. ಐದು ಅಂಗಾತ.

"ತಪ್ಪಿತು ಅಂದ್ಯಲ್ಲೇ."

ಅರುಣಾ ತಲೆ ಎತ್ತಲಿಲ್ಲ. "ನಿನಗೆ ಬೇಜಾರಾಗ್ಬಾರ್ದು ಅಂತ ಅಣ್ಣಾ..."

"ಮನೇಲಿ ಉಪ್ಪಿಲ್ಲ, ಸರಿ, ಡಾಕ್ಟ್ರು ಹೇಳವ್ರೆ. ಇಲ್ಲೂ ಉಪ್ಪಿಲ್ದೇ ಬಡಿಸ್ತಿದ್ದೀಯಲ್ಲೇ ನನಗೆ?" ದನಿ ಏರಲಿಲ್ಲ. "ನನ್ನ ಪಾಲಿನ ಬಾಣ ಆ ಹುಡುಗೀಗೆ ಬಿತ್ತು. ಸಾಯದೇ ಇರೋನಿಗೆ ಯಾವ ಊರಲ್ಲಿ ಕಲ್ಲು ನಿಲ್ಲಿಸವ್ರೆ? ಈ ಮೊರ ಇರೋವರ್ಗೂ ನಾನು ಬರಕ್ಕಿಲ್ಲ."

ಅವನು ಗೋಡೆ ಹಿಡಿದು ಎದ್ದ. ಅರುಣಾ ಹಿಡಿಯಲು ಹೋದವಳು ಕೈ ಹಿಂದೆ ತೆಗೆದುಕೊಂಡಳು.

ಮರುದಿನ ಸೌಂದರ್ಯಳಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು.

"ಬರ್ತೀನಿ ಅಕ್ಕಾ. ಆದ್ರೆ ತೊರೆಯಬ್ಬೆನ ಎಬ್ಬಿಸಿ ಕೂರಿಸ್ಬೇಡಿ. ಹೋದೋಳು ಹೋದ್ಲು. ಅವಳ ಕಲ್ಲೊಂದು ನಿಲ್ಲಿಸೋಣ."

ಚನ್ನೇಶನಿಗೆ ಕಳಿಸಿದ್ದು ಒಂದೇ ಮಾತು: ಮೊರ ಮಲಗಿಸಿದ್ದೀನಿ, ಬಾ.

ಭಾನುವಾರ ಅವನು ಬಂದ. ಮೊರ ಚಾಪೆಯ ನಡುವೆ ಅಂಗಾತ ಬಿದ್ದಿತ್ತು. "ಇನ್ಮೇಲೆ ಎಲ್ಲರ ಗರಾನೂ ಇದರೊಳಗೇ," ಎಂದಳು ಅರುಣಾ. ಮೊದಲು ತೊರೆಯಬ್ಬೆಯ ಕಲ್ಲು ನಿಂತಿತು. ಹೆಚ್ಚಿಗೆ ಕಳಿಸಿದ್ದ ಇಬ್ಬರು ಕಳ್ಳರನ್ನು ಅರುಣಾ ಕತೆಯಿಂದ ಓಡಿಸಿದಳು. ಉಳಿದ ಕಳ್ಳರು ತೆರೆದಿಟ್ಟ ತೂಬು ಮುಚ್ಚಬೇಕಿತ್ತು, ಕಾಟಯ್ಯ ನೀರಿಗಿಳಿದ.

ಕವಡೆ ಬಿದಿರಿನ ಮೇಲೆ ಉರುಳಿದ ಸದ್ದು ಗೋದಾಮನ್ನೆಲ್ಲ ತುಂಬಿತು. ನಾಲ್ಕು. ಕಳ್ಳರ ಬಾಣ ಕಾಟಯ್ಯನ ಭುಜಕ್ಕೆ. ತೂಬು ಇನ್ನೂ ಅರ್ಧವೇ ಮುಚ್ಚಿತ್ತು. ಚನ್ನೇಶ್ ಗರ ಹಾಕಿದ. ತೂಬಿನ ಬಾಗಿಲು ಪೂರ್ತಿ ಇಳಿಯಿತು, ಊರು ಉಳಿಯಿತು. ಮತ್ತೆ ಕಳ್ಳರ ಸರದಿ. ಅರುಣಾಳ ಮುಷ್ಟಿ ಬಿಚ್ಚಲಿಲ್ಲ.

"ಹಾಕೇ," ಎಂದ ಚನ್ನೇಶ್.

ಐದು.

"ತಾಗಿತು," ಎಂದಳು. ಎರಡನೆಯ ಏಟು, ಕಾಟಯ್ಯ ಬಿದ್ದ.

ಕಾಫಿ ತಂದ ಮಹದೇವಮ್ಮ ಬಾಗಿಲಲ್ಲೇ ನಿಂತರು. "ಏನಾಯ್ತ್ರೋ, ಹಿಂಗೆ ಕೂತಿದ್ದೀರಾ?"

"ನಾನು ಹೋದೆ ಚಿಕ್ಕಮ್ಮಾ," ಎಂದ ಚನ್ನೇಶ್. ಅವನ ದನಿಯಲ್ಲಿ ಬಹು ದಿನದಿಂದ ಕೇಳದ ಹೆಮ್ಮೆಯಿತ್ತು.

"ಬಿಡ್ತು ಅನ್ನಪ್ಪಾ!" ಎಂದು ಅವರು ಕಾಫಿ ಇಟ್ಟು ಬಿರಬಿರನೆ ಒಳಗೆ ಹೋದರು.

ಕೆಳಗಿನ ಪಟ್ಟಿಕೆಯನ್ನು ಸೌಂದರ್ಯ ಕೆತ್ತಿದಳು: ಎದೆಮಟ್ಟ ನೀರಿನಲ್ಲಿ ತೂಬಿಗೆ ಬೆನ್ನು ಕೊಟ್ಟು ನಿಂತವನು. ನಡುವಿನದು ಧರ್ಮೇಶನದು. "ಅಪ್ಸರೆಯರು ಇಬ್ರು ಸಾಲಲ್ಲ, ನಾಲ್ವರು. ನಮ್ಮ ಕಾಟಯ್ಯ ಭಾರ," ಎಂದವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ಮೇಲಿಂದು ನೀನು ಹೇಳು," ಎಂದ ಚನ್ನೇಶ್, ತಂಗಿಯನ್ನು ನೋಡಿ.

ಅರುಣಾ ಮೊರದ ಅಂಚಿಗೆ ಕೈಯಿಟ್ಟಳು. "ಶಿವನ ಸನ್ನಿಧೀಲಿ ಪಂಕ್ತಿ ಕೂತೈತೆ. ಕಾಟಯ್ಯನೂ ಎಲ್ಲರ ಸಾಲಲ್ಲೇ ಕೂತವ್ನೆ. ಮುಂದೆ ಬಾಳೆ ಎಲೆ. ಎಲೆ ತುದೀಲಿ, ಮೊದಲು, ಉಪ್ಪು."

ಚನ್ನೇಶ್ ಮೊರದೊಳಗಿನ ಕವಡೆಗಳನ್ನೇ ನೋಡುತ್ತಿದ್ದ.

"ಇನ್ನೊಂದು ಚಿಟಿಕೆ ಹಾಕು," ಎಂದ.